ದಾರಿ ಬಿಡದ ಭಾನುವಾರ

ಯಾರದು ಹಿಂದ್ಗಡೆ ಕಿಸಕ್ ಅಂದಿದ್ದು? ಈ ಮುದಿ ದೋಣಿಗೆ ಮರೆವು, ಆಗಿದ್ದಕ್ಕೆ ಆಗದ್ದನ್ನ ಸೇರ್ಸಿ ಹೇಳುತ್ತೆ ಅಂತ ತಾನೆ ನಿಮ್ಮ ಗುಮಾನಿ? ಬಾಗ್ಲಿಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದ್ಮೇಲೆ, ಹಾಕಿದ್ನಾ ಇಲ್ವಾ ಅಂತ ವಾಪಸ್ ಓಡೋ ಜನ ನೀವು. ನನ್ನ ಜ್ಞಾಪಕ ಅಳೆಯೋಕೆ ಬರ್ತೀರಾ? ನಿಮಗೆ ನೆನಪು ತಲೇಲಿರುತ್ತೆ. ತಲೆ ನರೆಯುತ್ತೆ, ನೆನಪೂ ನರೆಯುತ್ತೆ. ನನಗೆ ಅದು ಮೈಯಲ್ಲಿದೆ. ಎಡಗಡೆ ಮೂತಿ ಹತ್ರ ತೇಪೆ ಇದೆಯಲ್ಲ, ಕೈ ಇಟ್ಟು ನೋಡಿ. ಅದೂ ನಾನು ಕಟ್ಟಿ ಹೇಳಿದ್ದಾ? ಸುಮ್ನೆ ಕೂತು ಕೇಳೋದಾದ್ರೆ ಕೇಳಿ. ಇಲ್ದಿದ್ರೆ ಏಳಿ, ಚಪ್ಪಲಿ ಅಲ್ಲೇ ಇದೆ.

ನಾನು ಒಂದು ಹಾಯಿದೋಣಿ. ಸಣ್ಣದು. ಇಬ್ರು ಕೂತ್ರೆ ಸರಿ, ಮೂರನೆಯವನು ಬಂದ್ರೆ ಜಗಳ. ಎಂಜಿನ್ ಇಲ್ಲ, ಹುಟ್ಟು ಇಲ್ಲ, ಗಾಳಿ ತಿಂದ್ಕೊಂಡು ಓಡೋದು. ನನ್ನ ಮಾಡಿದ್ದು ಮಲ್ಪೆ ಕಡೆಯಿಂದ ಬಂದ ಬಾಬು ಮೇಸ್ತ್ರಿ, ಮೈಸೂರಲ್ಲಿ ಒಂದು ಹಳೇ ಲಾರಿ ಶೆಡ್ಡಲ್ಲಿ. ಪ್ಲೈವುಡ್ಡಿಗೆ ಬಿಸಿನೀರಲ್ಲಿ ಅದ್ದಿದ ಗೋಣಿ ಹೊದಿಸಿ, ಮೆತ್ತಗಾದ್ಮೇಲೆ ಬಗ್ಗಿಸಿ, ತಾಮ್ರದ ಮೊಳೆ ಬಡ್ದ. ಸಮುದ್ರದ ದೋಣಿ ಮಾಡಿದ ಕೈ ಅದು, ಇಷ್ಟು ಪುಟ್ಟದು ಮಾಡೋಕೆ ಅವನಿಗೆ ನಾಚಿಕೆ. ಇದ್ರಲ್ಲಿ ಒಂದು ಬುಟ್ಟಿ ಬಂಗುಡೆ ಹಿಡ್ಸಲ್ಲ, ಯಾತಕ್ಕೆ ಇದು ಅಂತ ಕೇಳ್ದ. ಓಟಕ್ಕೆ ಅಂದ್ರು. ಎಲ್ಲಿಗೆ ಓಟ ಅಂದ. ಹೊರಟ ಜಾಗಕ್ಕೇ ವಾಪಸ್ ಅಂದ್ರು. ಬಾಬು ಮೇಸ್ತ್ರಿ ಎಲೆಅಡಿಕೆ ಉಗಿದು ಉಳಿ ತಗೊಂಡ.

ಮಾಡ್ಸಿದೋರು ಒಬ್ರು ಫ್ಯಾಕ್ಟ್ರಿ ಇಂಜಿನಿಯರ್ರು. ನೇರಳೆ ಬಣ್ಣ ಬಳಿಸಿ, ನೇರಳೆ ಅಂತ್ಲೇ ಹೆಸರಿಟ್ರು. ನನ್ನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡಷ್ಟು ಸಲ ನನ್ನೊಳಗೆ ಕೂರ್ಲಿಲ್ಲ. ಅವರಿಗೆ ವರ್ಗ ಆಯ್ತು. ಬಾಡಿಗೆ ಮನೆ ಖಾಲಿ ಮಾಡೋರು ತುಳಸಿ ಕುಂಡಾನ ಪಕ್ಕದ್ಮನೆಗೆ ಕೊಟ್ಟು ಹೋಗ್ತಾರಲ್ಲ, ಹಂಗೆ ನನ್ನ ಕ್ಲಬ್ಬಿಗೆ ಕೊಟ್ಟು ಹೋದ್ರು.

ಕ್ಲಬ್ಬು ಅಂದ್ರೆ ಏನೋ ದೊಡ್ಡದು ಅಂದ್ಕೋಬೇಡಿ. ಕನ್ನಂಬಾಡಿ ಹಿನ್ನೀರಿನ ದಂಡೇಲಿ ಒಂದು ತಗಡಿನ ಶೆಡ್ಡು, ಮುಂದೆ ಜಗಲಿ, ಜಗಲಿ ಕೆಳಗೆ ನೀರಿಗೆ ಇಳಿಯೋ ಇಳಿಜಾರು. ನನ್ನಂಥವು ಒಂದಷ್ಟು ದೋಣಿ. ಊರೆಲ್ಲ ಆಷಾಢ ಅಂತ ಮದುವೆ ಮುಂಜಿ ನಿಲ್ಲಿಸಿ ಮುಖ ಗಂಟು ಹಾಕ್ಕೊಂಡಿರುವಾಗ ಇಲ್ಲಿನ ಜನಕ್ಕೆ ಹಬ್ಬ. ಆಷಾಢದ ಗಾಳಿ ಪಡುವಣದಿಂದ ಎದ್ದು ಬಂತು ಅಂದ್ರೆ ನೀರಿಗೆ ರೋಮಾಂಚನ ಆಗುತ್ತೆ. ಆ ತಿಂಗಳ ಭಾನುವಾರಗಳಲ್ಲಿ ಓಟ. ಕಿತ್ತಳೆ ಬಣ್ಣದ ಡ್ರಮ್ಮುಗಳನ್ನ ನೀರಲ್ಲಿ ಬಿಟ್ಟಿರ್ತಾರೆ, ಅವನ್ನ ಸುತ್ತಿ ಬರಬೇಕು. ಎಲ್ಲ ಭಾನುವಾರ ಸೇರಿ ಯಾರು ಮುಂದೋ ಅವರಿಗೆ ಒಂದು ಕಪ್ಪು, ಜಗಲಿ ಮೇಲಿನ ಮರದ ಹಲಗೇಲಿ ಹೆಸರು.

ಆಟದ ನೇಮ ಸ್ವಲ್ಪ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿಂದು ನಿಮ್ಮ ತಲೆಗೆ ಹೋಗಲ್ಲ. ಇದಕ್ಕೆ ಅಂಪೈರ್ ಇಲ್ಲ. ತಪ್ಪು ಮಾಡ್ದೋನು ತಾನೇ ಒಪ್ಕೊಂಡು, ಇದ್ದ ಜಾಗದಲ್ಲೇ ದೋಣೀನ ಒಂದು ಸುತ್ತು ತಿರುಗಿಸಬೇಕು. ಪ್ರದಕ್ಷಿಣೆ ಅಂತಾರೆ. ಡ್ರಮ್ಮಿಗೆ ತಾಗಿದ್ರೂ ತಪ್ಪೇ. ಇನ್ನೊಂದು, ಎರಡು ದೋಣಿ ಎದುರುಬದುರು ಬಂದ್ರೆ ಗಾಳಿ ಯಾರ ಬಲಗಡೆಯಿಂದ ಬಡೀತಿದೆಯೋ ಅವರದು ದಾರಿ. ಅವರು ‘ದಾರಿ’ ಅಂತ ಕೂಗ್ತಾರೆ. ಗಾಳಿ ಎಡಗಡೆಯಿಂದ ಬರ್ತಿರೋ ದೋಣಿ ಬಗ್ಗಿ, ಅವರ ಹಿಂದಿಂದ ಹೋಗಬೇಕು. ಆದರೆ ದಾರಿ ಇರೋನಿಗೂ ಒಂದು ಕಟ್ಟು. ಅವನು ಅಲ್ಲಾಡಬಾರ್ದು. ನೆಟ್ಟಗೆ ಹೋಗ್ತಾ ಇರಬೇಕು. ಅವನು ನೆಟ್ಟಗಿದ್ರೆ ತಾನೆ ಇವನು ಎತ್ತ ತಪ್ಪಿಸ್ಕೋಬೇಕು ಅಂತ ಗೊತ್ತಾಗೋದು. ಇದನ್ನ ಮರೀಬೇಡಿ.

ಕೈ ಬದಲಾಗಿ ಬದಲಾಗಿ ನಾನು ಕೊನೆಗೆ ಸೇರಿದ್ದು ಶಾಂಭವಿ ಕೈಗೆ.

ಶಾಂಭವಿ ಮೈಸೂರಲ್ಲಿ ಹೆಣ್ಮಕ್ಕಳ ಸ್ಕೂಲಿನ ಪಿ.ಟಿ. ಮೇಡಂ. ಸೀಟಿ ಊದಿ ಊದಿ ಮಾತೂ ಸೀಟಿ ಥರಾನೇ. ಗಂಡ ಗುರುಮಲ್ಲಪ್ಪ. ಮಾರ್ಕೆಟ್ ಹತ್ರ ದೇವರ ಪಟಕ್ಕೆ ಕಟ್ಟು ಹಾಕೋ ಅಂಗಡಿ. ನೀರು ಕಂಡ್ರೆ ಅವನಿಗೆ ಹೆದರಿಕೆ. ಆದ್ರೂ ಹೆಂಡ್ತಿ ಚುಕ್ಕಾಣಿ ಹಿಡಿದ್ರೆ ಇವನು ಮುಂದೆ ಕೂತು ಚಿಕ್ಕ ಹಾಯಿಯ ಹಗ್ಗ ಹಿಡಿಯೋನು. ಈ ಪುರುಷೋತ್ತಮನಿಗೆ ಪ್ರಮೋಷನ್ ಯಾವಾಗ ಅಂತ ಕ್ಲಬ್ಬಿನೋರು ರೇಗ್ಸೋರು. ಮನೇಲೂ ಇದೇ ಸ್ಥಾನ, ಅಲ್ಲಿ ಲೈಫ್ ಜಾಕೆಟ್ಟೂ ಕೊಡಲ್ಲ ಅಂತ ಅವನೂ ನಗೋನು.

ರೇಗ್ಸೋದ್ರಲ್ಲಿ ಮೊದಲನೆಯೋನು ಫೆಲಿಕ್ಸು. ಬೇಕರಿ ಇಟ್ಟಿದ್ದ. ಹೊಟ್ಟೆ ಇತ್ತು, ಗಂಟಲಿತ್ತು, ಕ್ಲಬ್ಬಲ್ಲಿ ಅವನಷ್ಟು ಜೋರಾಗಿ ದೋಣಿ ಓಡ್ಸೋರು ಇನ್ನೊಬ್ರಿರಲಿಲ್ಲ. ಅವನೂ ಶಾಂಭವಿನೂ ನೀರಲ್ಲಿ ಕಚ್ಚಾಡೋದು ನೋಡ್ಬೇಕಿತ್ತು ನೀವು. ದಾರಿ, ದಾರಿ, ಮೇಡಮ್ಮೋರೆ ನಿಮ್ಮ ಸ್ಕೂಲ್ ಗ್ರೌಂಡಲ್ಲ ಇದು, ಅಂತ ಅವನು. ನಿನ್ನ ಹೊಟ್ಟೆ ಮೊದಲು ಒಳಗೆ ತಗೋ, ಆಮೇಲೆ ದಾರಿ ಕೇಳು, ಅಂತ ಇವಳು. ದಡಕ್ಕೆ ಬಂದ್ಮೇಲೆ ಅವನು ತಂದ ಖಾರ ಬನ್ನನ್ನೇ ತಿನ್ನೋಳು, ಉಪ್ಪು ಕಮ್ಮಿ ಅನ್ನೋಳು.

ಹಿಂಗಿರುವಾಗ ಅವಳ ಕಣ್ಣು ಹೋಗೋಕೆ ಶುರುವಾಯ್ತು.

ಮೊದಲು ಗೊತ್ತಾಗಿದ್ದು ನನಗೆ ಅಂತ ಹೇಳಿದ್ರೆ ನೀವು ನಂಬಲ್ಲ. ಚುಕ್ಕಾಣಿ ಹಿಡಿದ ಕೈ ಎಲ್ಲ ಹೇಳುತ್ತೆ ಕಣ್ರಪ್ಪ. ಸಂಜೆ ದಡಕ್ಕೆ ಬರುವಾಗ ಆ ಕೈ ಗಟ್ಟಿಯಾಗೋದು. ಹಗ್ಗ ಬೆರಳ ಪಕ್ಕದಲ್ಲೇ ಬಿದ್ದಿದ್ರೂ ತಡಕೋಳು. ನನ್ನ ಅಂಚಿಗೆ ಮೊಣಕಾಲು ಹೊಡೆದು ಹೊಡೆದು ಕಪ್ಪಾಗಿತ್ತು. ಡಾಕ್ಟ್ರು ಹೇಳಿದ್ರಂತೆ, ಇದು ಪಕ್ಕದಿಂದ ಮುಚ್ಕೊಂಡು ಬರೋ ಕಾಯಿಲೆ, ಕಿಟಕಿ ಬಾಗ್ಲು ಎರಡೂ ಕಡೆಯಿಂದ ನಿಧಾನಕ್ಕೆ ಸೇರೋ ಹಾಗೆ, ಕೊನೆಗೆ ಒಂದು ಸಂದಿ, ಆಮೇಲೆ ಅದೂ ಇಲ್ಲ. ಮದ್ದಿಲ್ಲ. ನೆಟ್ಟಗೆ ನೋಡಿದ್ರೆ ದೂರದ ಡ್ರಮ್ಮು ಕಾಣ್ಸೋದು. ಪಕ್ಕದಲ್ಲಿ ಆನೆ ನಿಂತ್ರೂ ಇಲ್ಲ.

ಒಂದೊಂದಾಗಿ ಬಿಟ್ಲು. ಹಾಲಿನವನ ಸೈಕಲ್ಲಿಗೆ ಗುದ್ದಿದ ದಿನ ಸ್ಕೂಟರ್ ಬಿಟ್ಲು. ಪಕ್ಕದಿಂದ ಬಂದ ಥ್ರೋಬಾಲು ಮುಖಕ್ಕೆ ಬಿದ್ದು, ಮಕ್ಕಳು ನಕ್ಕು, ಆಮೇಲೆ ವಿಷಯ ತಿಳಿದು ನಗೋದು ನಿಲ್ಲಿಸಿದ್ರಲ್ಲ, ಆ ನಿಲ್ಲಿಸಿದ್ದು ತಡ್ಕೊಳ್ಳೋಕಾಗ್ದೆ ಸ್ಕೂಲು ಬಿಟ್ಲು. ಬೀದೀಲಿ, ನೆಂಟರ ಮನೇಲಿ, ಬಸ್ಸಲ್ಲಿ, ಎಲ್ಲಿ ಹೋದ್ರೂ ಪಾಪ ಅನ್ನೋ ಮಾತು ಅವಳಿಗಿಂತ ಮುಂಚೆ ಹೋಗಿ ಕೂತಿರೋದು. ಕ್ಲಬ್ಬಲ್ಲಿ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ. ನನ್ನ ಮೇಲೆ ಕೂತಾಗ ಅವಳು ಪಾಪ ಅಲ್ಲ, ಶಾಂಭವಿ.

ಒಂದಿನ ನಡುನೀರಲ್ಲಿ ಗಾಳಿ ಬಿದ್ದು ಹಾಯಿ ಜೋತಾಡ್ತಾ ಇರುವಾಗ ಗಂಡನಿಗೆ ಹೇಳಿದ್ಲು. ಇದೊಂದು ಉಳ್ಸಿ ರೀ, ಕಣ್ಣು ಪೂರ್ತಿ ಹೋಗೋವರೆಗೆ ಈ ಚುಕ್ಕಾಣಿ ಒಂದು ನನಗೆ ಇರ್ಲಿ, ಕ್ಲಬ್ಬಲ್ಲಿ ಯಾರಿಗೂ ಬಾಯಿ ಬಿಡಬಾರ್ದು. ಗುರುಮಲ್ಲಪ್ಪ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡ್ದ.  

ಅಲ್ಲಿಂದ ಅವನೇ ಅವಳ ಎರಡು ಪಕ್ಕ ಆದ. ಹಾಯಿ ಕೆಳಗೆ ಬಗ್ಗಿ ನೋಡಿ ಪಿಸುಗುಟ್ಟೋನು, ಎಡಕ್ಕೆ ಒಬ್ರು, ಬಲಕ್ಕೆ ಡ್ರಮ್ಮು ಹತ್ರ ಬಂತು. ಜೋರಾಗಿ ಹೇಳಿದ್ರೆ ಬೇರೆ ದೋಣಿಯೋರಿಗೆ ಕೇಳುತ್ತಲ್ಲ, ಅದಕ್ಕೆ ಪಿಸುಮಾತು. ಆಷಾಢದ ಗಾಳಿ ಅರ್ಧ ಮಾತು ನುಂಗೋದು. ಉಳಿದರ್ಧ ಕೇಳ್ಸ್ಕೊಂಡು ಅವಳು ನನ್ನ ತಿರುಗಿಸೋಳು. ಕತ್ತನ್ನ ಗುಬ್ಬಿ ಥರ ಅತ್ತಿತ್ತ ಆಡಿಸ್ತಾನೇ ಇರೋಳು. ಮೇಡಂ ಗಾಳಿ ಹುಡುಕ್ತಾ ಇದ್ದಾರೆ ಅಂತ ಬೇರೆಯೋರು ಮೆಚ್ಕೊಳ್ಳೋರು. ಒಂದೆರಡು ಸಲ ಕೂದಲೆಳೆಯಲ್ಲಿ ತಪ್ತು. ಒಂದು ದೋಣಿಯ ಮೂತಿ ನನ್ನ ಹಿಂಬದಿ ಸವರ್ಕೊಂಡು ಹೋಯ್ತು, ಅವಳಿಗೆ ಗೊತ್ತೇ ಆಗ್ಲಿಲ್ಲ. ಗುರುಮಲ್ಲಪ್ಪನ ಮುಖ ಸುಣ್ಣ ಬಳಿದ ಹಾಗಾಗಿತ್ತು.

ಆ ಆಷಾಢ ಕಳೀತು, ಮಾರನೇ ವರ್ಷ ಒಂದು ವಿಚಿತ್ರ ಆಯ್ತು. ಅವಳು ಗೆಲ್ಲೋಕೆ ಶುರು ಮಾಡಿದ್ಲು.

ಕಣ್ಣು ಮುಚ್ಕೊಂಡು ಬಂದಷ್ಟೂ ದಾರಿ ತೆರ್ಕೊಂಡು ಬಂತು. ಎದುರಿಗೆ ಬಂದ ದೋಣಿಗಳೆಲ್ಲ ಹತ್ರ ಬರೋ ಮುಂಚೇನೇ ಬೇರೆ ಕಡೆ ಹೊರಳೋವು. ಡ್ರಮ್ಮಿನ ಹತ್ರ ಗುಂಪು ಕಟ್ತಿದ್ದೋರು ನಾನು ಬರುವಾಗ ಅಗಲವಾಗಿ ಸುತ್ತೋರು. ದಾರಿ ಅಂತ ಕೂಗೋದು ನಿಂತೇ ಹೋಯ್ತು. ಫೆಲಿಕ್ಸ್ ಗಂಟಲೂ ಇಳೀತು. ನನಗೆ ಅನುಮಾನ ಬಂತು. ಆದ್ರೆ ದೋಣಿಗೆ ಬಾಯೆಲ್ಲಿದೆ? ಶಾಂಭವಿ ಮಾತ್ರ ಉಬ್ಬಿಹೋದ್ಲು. ನೋಡಿದ್ರಾ ರೀ, ಈಗ ನನಗೆ ಗಾಳಿ ಕೆನ್ನೇಲೇ ಗೊತ್ತಾಗುತ್ತೆ, ಕಣ್ಣಿದ್ದಾಗ ಇಷ್ಟು ಚೆನ್ನಾಗಿ ಓಡಿಸ್ತಿರಲಿಲ್ಲ, ಅಂತ ಮತ್ತೆ ಮತ್ತೆ ಅನ್ನೋಳು. ಅವನು ಹ್ಞೂಂ ಅನ್ನೋನು. ಆ ಹ್ಞೂಂ ಎಷ್ಟು ಭಾರ ಅಂತ ಹೊತ್ತ ನನಗೆ ಗೊತ್ತು. ಆ ವರ್ಷ ಕಪ್ಪು ಅವಳಿಗೇ ಬಂತು. ಹಲಗೆ ಮೇಲಿನ ತನ್ನ ಹೆಸರನ್ನ ಬೆರಳಲ್ಲಿ ಅಕ್ಷರ ಅಕ್ಷರ ಸವರಿ ಓದಿದ್ಲು.

ಮುಂದಿನ ವರ್ಷದ ಆಷಾಢ. ಕೊನೇ ಭಾನುವಾರಕ್ಕೆ ಹಿಂದಿನ ಓಟ. ಗಾಳಿ ಜೋರಿತ್ತು. ನಾವು ಗಾಳೀನ ಎಡಗಡೆಯಿಂದ ತಗೊಂಡು ಹೋಗ್ತಿದ್ವಿ. ಎದುರಿಂದ ಫೆಲಿಕ್ಸು, ಗಾಳಿ ಅವನ ಬಲಕ್ಕೆ. ದಾರಿ ಅವನದು, ಬಗ್ಗಬೇಕಾದೋರು ನಾವು. ಗುರುಮಲ್ಲಪ್ಪ ಈ ಸಲ ಸರಿಯಾಗಿ ನೋಡಿ ಸರಿಯಾಗಿ ಹೇಳಿದ. ಅವಳೂ ಸರಿಯಾಗಿ ಕೇಳ್ಸ್ಕೊಂಡು, ನನ್ನನ್ನ ಬಲಕ್ಕೆ ಬಗ್ಗಿಸಿ, ಅವನ ಹಿಂದಿಂದ ದಾಟೋಕೆ ಹೊರಟ್ಲು. ನೇಮದ ಪ್ರಕಾರ ಚಿನ್ನದಂಥ ಹೆಜ್ಜೆ. ಫೆಲಿಕ್ಸು ನೆಟ್ಟಗೆ ಹೋಗಿದ್ರೆ ಏನೂ ಆಗ್ತಿರಲಿಲ್ಲ. ಅವನು ಹೋಗ್ಲಿಲ್ಲ. ಈಯಮ್ಮನಿಗೆ ನಾನು ಕಾಣಿಸಿಲ್ಲ ಅಂದ್ಕೊಂಡು, ಪಾಪ ಅಂದ್ಕೊಂಡು, ತಾನೂ ತಿರುಗಿಸಿದ. ಅದೇ ಪಕ್ಕಕ್ಕೆ. ಓಣೀಲಿ ಎದುರುಬದುರು ಬಂದೋರು ದಾರಿ ಬಿಡೋಕೆ ಹೋಗಿ ಇಬ್ರೂ ಒಂದೇ ಕಡೆ ಸರಿದು ಹಣೆ ಚಚ್ಕೋತಾರಲ್ಲ, ಹಂಗೆ. ಅವನ ದೋಣಿಯ ಮೂತಿ ನನ್ನ ಎಡಪಕ್ಕ ಹೊಕ್ತು.

ನನ್ನ ಹಲಗೆ ಸೀಳಿದ ಸದ್ದು ನಾನೇ ಕೇಳಿದೆ. ನೀರು ಒಳಗೆ ಬಂತು. ನಾನು ಮಗುಚಿದೆ. ಅವಳು ಹಾಯಿ ಅಡಿ ಸಿಕ್ಕಿಬಿದ್ಲು. ಕಣ್ಣು ಕಾಣದೋಳಿಗೆ ನೀರೊಳಗೆ ಮೇಲ್ಯಾವುದು ಕೆಳಗ್ಯಾವುದು? ಗುರುಮಲ್ಲಪ್ಪ ನೀರಿಗೆ ಹೆದರೋ ಮನುಷ್ಯ, ಹಾಯಿ ಅಡಿಗೆ ಮುಳುಗಿ, ಅವಳ ಜಡೆ ಹಿಡಿದು ಎಳ್ಕೊಂಡು ಬಂದ. ಕೆಮ್ಮಿ ಕೆಮ್ಮಿ, ಉಸಿರು ಬಂದ್ಮೇಲೆ ಅವಳು ಆಡಿದ ಮೊದಲನೇ ಮಾತು, ಆ ಫೆಲಿಕ್ಸು ಯಾಕೆ ತಿರುಗಿಸಿದ?

ಓಟದಲ್ಲಿ ಗುದ್ದಾಟ ಆದ್ರೆ ದಡಕ್ಕೆ ಬಂದ್ಮೇಲೆ ಪಂಚಾಯ್ತಿ. ಉಡುಪ ಮೇಷ್ಟ್ರು ನಡೆಸೋರು, ಕಾಲೇಜಲ್ಲಿ ಫಿಸಿಕ್ಸ್ ಹೇಳಿ ರಿಟೈರ್ ಆದೋರು, ಕ್ಲಬ್ಬಿನ ಓಟಕ್ಕೆಲ್ಲ ಯಜಮಾನ್ರು. ಜಗಲಿ ಮೇಲೆ ಮೇಜು. ಮೇಜಿನ ಮೇಲೆ ಫೆಲಿಕ್ಸ್ ತಂದ ಖಾರ ಬನ್ನೇ ದೋಣಿ, ನೀರಿನ ಬಾಟ್ಲಿ ಗಾಳಿ ಬರೋ ದಿಕ್ಕು. ಅವರವರ ಬನ್ನು ಅವರವರು ನಡೆಸಿ ತೋರಿಸ್ಬೇಕು. ನನ್ನ ಅಲ್ಲೇ ಜಗಲಿ ಕೆಳಗೆ ಎಳೆದು ಹಾಕಿದ್ರು. ಸೀಳಿದ ಪಕ್ಕದಿಂದ ನೀರು ಸುರೀತಿತ್ತು, ಕಿವಿ ಮಾತ್ರ ಮೇಲಿತ್ತು.

ಶಾಂಭವಿ ತನ್ನ ಬನ್ನು ಹುಡುಕೋಕೆ ಮೇಜಿನ ಮೇಲೆ ಕೈ ಆಡಿಸಿದ್ಲು. ಅದು ಪಕ್ಕದಲ್ಲಿತ್ತು, ಕೈ ತಾಗಿ ಕೆಳಗೆ ಬಿತ್ತು. ಯಾರೂ ನಗಲಿಲ್ಲ. ಅವಳಿಗೆ ಆ ನಗದೇ ಇದ್ದದ್ದು ಕೇಳ್ಸಿತು. ಮುಖ ಒಂಥರಾ ಆಯ್ತು.

ಉಡುಪ ಮೇಷ್ಟ್ರು ಕೇಳಿದ್ರು, ಫೆಲಿಕ್ಸ್, ದಾರಿ ನಿಮ್ಮದು, ನೀವು ನೆಟ್ಟಗೆ ಹೋಗಬೇಕಿತ್ತು, ತಿರುಗಿಸಿದ್ದು ಯಾಕೆ? ಫೆಲಿಕ್ಸು ಗಾಳಿ ಮೇಲೆ ಹಾಕಿದ. ಗಾಳಿ ತಿರುಗಿರಲಿಲ್ಲ ಅಂದ್ಲು ಇವಳು. ಹಗ್ಗ ಜಾರಿತು ಅಂದ. ನಿನ್ನ ಹಗ್ಗ ಯಾವತ್ತೂ ಜಾರಲ್ಲ ಅಂದ್ಲು. ಆಮೇಲೆ ಎದ್ದು, ಧ್ವನಿ ಬಂದ ಕಡೆಗೆ ಮುಖ ಇಟ್ಟು, ನೆಟ್ಟಗೆ ಕೇಳಿದ್ಲು.

"ನನಗೆ ಕಾಣಲ್ಲ ಅಂತ ನಿನಗೆ ಯಾರು ಹೇಳಿದ್ದು, ಫೆಲಿಕ್ಸ್?"

ಅವನು ಬೇಕರಿ ಒಲೆ ಮುಂದೆ ನಿಂತವನ ಹಾಗೆ ಬೆವೆತ. 

"ನಾನೇ ಕಣೆ," ಅಂದ ಗುರುಮಲ್ಲಪ್ಪ. "ಎಲ್ರಿಗೂ ನಾನೇ ಹೇಳ್ದೆ. ಕೈ ಮುಗಿದು ಕೇಳ್ಕೊಂಡೆ, ದಾರಿ ಬಿಡಿ ಅಂತ."

"ಯಾವಾಗ?"

"ಹೋದ ವರ್ಷ. ಆಷಾಢಕ್ಕೆ ಮುಂಚೆ."

 ಅವಳು ಏನನ್ನೋ ಕೂಡಿ ಕಳೀತಾ ಇದ್ಲು. ಆಮೇಲೆ ಗೋಡೆ ಹಿಡ್ಕೊಂಡು ಹಲಗೆ ಹತ್ರ ಹೋದ್ಲು. ತನ್ನ ಹೆಸರು ಎಲ್ಲಿದೆ ಅಂತ ಬೆರಳಿಗೆ ಗೊತ್ತಿತ್ತು. ಬಳೆ ತೆಗೆದು ಅದರ ಅಂಚಲ್ಲಿ ಆ ಹೆಸರನ್ನ ಕೆರೆಯೋಕೆ ಶುರು ಮಾಡಿದ್ಲು. ಬಣ್ಣ ಪುಡಿಪುಡಿಯಾಗಿ ಒದ್ದೆ ಬಟ್ಟೆ ಮೇಲೆ ಬೀಳ್ತಿತ್ತು. ಉಡುಪ ಮೇಷ್ಟ್ರು ತಡೆಯೋಕೆ ಅಂತ ಎದ್ರು, ಏನನ್ನಿಸ್ತೋ ಮತ್ತೆ ಕೂತ್ರು. ಪೂರ್ತಿ ಹೋಗೋವರೆಗೆ ಎಲ್ರೂ ಆ ಸದ್ದು ಕೇಳ್ತಾ ಕೂತಿದ್ರು.

ಇಲ್ಲಿ ಒಂದು ಮಾತು ಹೇಳ್ತೀನಿ. ಅವರು ಕೆಟ್ಟೋರಲ್ಲ. ಒಬ್ಬೊಬ್ರೂ ತಮ್ಮ ಗೆಲುವು ಬಿಟ್ಕೊಟ್ಟಿದ್ರು. ಫೆಲಿಕ್ಸಿಗೆ ಗೆಲ್ಲೋದು ಅಂದ್ರೆ ಏನು ಅಂತ ನನಗೆ ಗೊತ್ತು, ಅವನೂ ಬಿಟ್ಟಿದ್ದ. ಒಳ್ಳೇತನಾನೇ. ಆದ್ರೆ ಹೇಳದೆ ಕೇಳದೆ ಮಾಡಿದ ಒಳ್ಳೇತನ ಅವಳ ಕಾಲಡಿಯ ನೆಲವನ್ನೇ ಕಿತ್ತಿತ್ತು. ಬಗ್ಗಬೇಕಾದೋಳು ಬಗ್ಗಿದ್ಲು. ನೆಟ್ಟಗೆ ಹೋಗಬೇಕಾದೋರು ಹೋಗ್ಲಿಲ್ಲ. ಯಾರೂ ಎಲ್ಲಿರಬೇಕೋ ಅಲ್ಲಿಲ್ಲ ಅಂದ್ಮೇಲೆ ಅವಳು ಯಾವ ಲೆಕ್ಕದ ಮೇಲೆ ಚುಕ್ಕಾಣಿ ಹಿಡೀಬೇಕು?

ಆ ವಾರ ಗುರುಮಲ್ಲಪ್ಪ ದಿನಾ ಬಂದ. ಅಂಗಡಿ ಮುಚ್ಚಿ, ಪಟದ ಹಿಂದೆ ಹಾಕೋ ತೆಳು ಹಲಗೆ, ಗೋಂದು, ಸಣ್ಣ ಮೊಳೆ ತಂದು ನನ್ನ ಸೀಳಿಗೆ ತೇಪೆ ಹಾಕ್ದ. ದೇವರ ಪಟಕ್ಕೆ ಕಟ್ಟು ಹಾಕೋ ಕೈ, ಮೊಳೇನ ನೋಯದ ಹಾಗೆ ಹೊಡೀತು. ಕೆಲಸ ಮಾಡ್ತಾ ಮಾಡ್ತಾ ಅಳೋನು. ಮನೇಲಿ ಅವಳು ಅವನ ಹತ್ರ ಮಾತೇ ಆಡ್ತಿಲ್ಲ ಅಂತ ಅವನು ಫೆಲಿಕ್ಸಿಗೆ ಹೇಳಿದ್ದು ಕೇಳಿಸ್ಕೊಂಡೆ.

ಒಂದು ಮಧ್ಯಾಹ್ನ ಅವಳೇ ಬಂದ್ಲು, ಆಟೋ ಮಾಡ್ಕೊಂಡು. ಗೋಡೆ, ಕಂಬ, ಬೇರೆ ದೋಣಿಗಳನ್ನ ಮುಟ್ಟಿ ಮುಟ್ಟಿ ನನ್ನ ಹತ್ರ ಬಂದು, ತೇಪೆ ಸವರಿ ನೋಡಿ, ಕೂತ್ಲು. ಗುರುಮಲ್ಲಪ್ಪ ಸುತ್ತಿಗೆ ಕೆಳಗಿಟ್ಟ.

"ಎಲ್ಲ ಕಡೆ ನನ್ನ ಪಾಪ ಅಂದ್ರು ರೀ," ಅಂದ್ಲು. "ಇಲ್ಲಿ ಒಂದು ಕಡೆ ಬೈತಿದ್ರು. ಅದನ್ನೂ ಕಿತ್ಕೊಂಡ್ರಿ."

"ಆ ದೋಣಿ ಹಿಂದಿಂದ ಸವರ್ಕೊಂಡು ಹೋಯ್ತಲ್ಲ, ನಿನಗೆ ಗೊತ್ತಾಗ್ಲೇ ಇಲ್ಲ. ನಾನು ನೋಡ್ದೆ ಶಾಂಭವಿ. ನೀನು ಮುಳುಗೋದನ್ನ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

"ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ. ಆದ್ರೆ ಹೇಳ್ಬಹುದಿತ್ತು."

ಅವನು ತಲೆ ನನ್ನ ಅಂಚಿಗೆ ಇಟ್ಬಿಟ್ಟ. ಆಮೇಲೆ ಅವಳು ಅವನ ಕೈ ಹುಡುಕಿ ಹಿಡ್ಕೊಂಡು ಹೇಳಿದ್ಲು, ಒಂದೇ ಒಂದು ಓಟ ಬೇಕು, ಯಾರೂ ದಾರಿ ಬಿಡದ ಓಟ, ಅದಾದ್ಮೇಲೆ ನಾನೇ ಬಿಡ್ತೀನಿ.

ಉಡುಪ ಮೇಷ್ಟ್ರು ಮೊದಲು ಆಗಲ್ಲ ಅಂದ್ರು. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ ಅಂದ್ರು. ನಿಮ್ಮ ಮಗಳಾಗಿದ್ರೆ ಬೇಡ ಅಂತಿದ್ರಾ ಅಂತ ಫೆಲಿಕ್ಸು ಶುರು ಮಾಡ್ದ, ಅವರು ಗದರಿ ಬಾಯಿ ಮುಚ್ಚಿಸಿದ್ರು. ಕೊನೆಗೆ ಒಪ್ಪಿದ್ದು ಎರಡು ಕರಾರಿನ ಮೇಲೆ. ಮೋಟಾರ್ ದೋಣಿ ಹತ್ರ ಇರಬೇಕು, ಗುರುಮಲ್ಲಪ್ಪ ಪಿಸುಗುಟ್ಟಬಾರ್ದು, ಇಡೀ ಹಿನ್ನೀರಿಗೆ ಕೇಳ್ಸೋ ಹಾಗೆ ಕೂಗಿ ಹೇಳ್ಬೇಕು. ಅವಳು ತನ್ನದೊಂದು ಸೇರ್ಸಿದ್ಲು. ಯಾರಾದ್ರೂ ಬೇಕಂತ ದಾರಿ ಬಿಟ್ರೆ ಅವರ ಮೇಲೆ ಪಂಚಾಯ್ತಿ ಕರೀತೀನಿ.

ಕೊನೇ ಭಾನುವಾರ ಬಂತು. ಮೋಡ ಕೆಳಗಿಳಿದಿತ್ತು. ಆ ಬೆಳಕಲ್ಲಿ ಅವಳಿಗೆ ನನ್ನ ಮೂತೀನೂ ಸರಿಯಾಗಿ ಕಾಣ್ತಿರಲಿಲ್ಲ. ಮಂಡಿಮೇಲೆ ಅಂಗೈ ಒರೆಸ್ಕೊಂಡು ಚುಕ್ಕಾಣಿ ಹಿಡಿದ್ಲು. ಬೆರಳು ಮಂಜುಗಡ್ಡೆ.

ಓಟ ಶುರುವಾಗ್ತಿದ್ದ ಹಾಗೇನೇ ನಾವು ಗುಂಪಲ್ಲಿ ಸಿಕ್ಕಿಬಿದ್ವಿ. ಎರಡು ಕಡೆಯಿಂದ ಗಾಳಿ ಮುಚ್ಚಿದ್ರು. ಹಾಯಿ ಸತ್ತ ಹಕ್ಕಿ ಥರ ಜೋತು ಬಿತ್ತು. ಎಲ್ರೂ ಹೋದ್ಮೇಲೆ ಉಳಿದ ಗಾಳಿ ನಮಗೆ. ಗುರುಮಲ್ಲಪ್ಪನ ಗಂಟಲು ಅಂಗಡೀಲಿ ಗಿರಾಕಿ ಜೊತೆ ಪಿಸುಗುಟ್ಟಿ ಅಭ್ಯಾಸ ಆಗಿದ್ದು, ಒಡೆದ ಕಹಳೆ ಥರ 'ಎಡಕ್ಕೆ, ಎಡಕ್ಕೆ' ಅಂತಿತ್ತು. ಅವನಿಗೆ ಗಾಬರೀಲಿ ಎಡಬಲ ಅದಲುಬದಲು ಆಗೋದು. ಮೊದಲನೇ ಡ್ರಮ್ಮಿಗೆ ನನ್ನ ಪಕ್ಕ ದಡ್ ಅಂತ ತಾಗ್ತು. ತಾಗ್ತಾ ಅಂದ್ಲು. ತಾಗ್ತು ಅಂದ. ಅವಳು ತುಟಿ ಕಚ್ಚಿ ನನ್ನನ್ನ ಪೂರ್ತಿ ಒಂದು ಸುತ್ತು ತಿರುಗಿಸಿದ್ಲು. ಅಷ್ಟರಲ್ಲಿ ಮಿಕ್ಕೋರು ಚುಕ್ಕಿ ಆಗಿದ್ರು.

ಅರ್ಧ ದಾರೀಲಿ ವಾಪಸ್ ಬರ್ತಿದ್ದ ಫೆಲಿಕ್ಸು ಎದುರಾದ. ಗಾಳಿ ಅವನ ಬಲಕ್ಕೆ. ಅದೇ ಜಾಗ, ಅದೇ ಲೆಕ್ಕ. ಗುರುಮಲ್ಲಪ್ಪ ಹೇಳಿದ.  ಫೆಲಿಕ್ಸು ನೆಟ್ಟಗೆ ಬರ್ತಾನೆ ಅಂತ ನಂಬಿ ಅವಳು ತಿರುಗಿಸ್ಬೇಕು. ನಂಬಿಕೆ ಸುಳ್ಳಾದ್ರೆ ಈ ಸಲ ತೇಪೆ ಹಾಕೋಕೂ ನಾನು ಉಳಿಯಲ್ಲ. ಅಷ್ಟರಲ್ಲಿ ಬಂತು ನೋಡಿ ಆ ಕೂಗು.

"ದಾರಿ. ಮೇಡಮ್ಮೋರೆ, ದಾರಿ. ನಿಮ್ಮ ಸ್ಕೂಲ್ ಗ್ರೌಂಡಲ್ಲ ಇದು."

ಕೂಗ್ತಾ ಕೂಗ್ತಾ ಅವನ ಧ್ವನಿ ಒಡೀತು. ಆದ್ರೆ ದೋಣಿ ಒಂದು ಕೂದಲೂ ಅಲ್ಲಾಡಲಿಲ್ಲ. ಗೆರೆ ಎಳೆದ ಹಾಗೆ ಬಂದ. ಶಾಂಭವಿ ನನ್ನ ಬಗ್ಗಿಸಿದ್ಲು. ಅವನ ಹಿಂಬದಿ ನನ್ನ ಮೂತಿ ಮುಂದೆ ಹಾದುಹೋಯ್ತು, ಅವನೆಬ್ಬಿಸಿದ ನೀರು ಅವಳ ಮುಖಕ್ಕೆ ಎರಚಿತು. ಒರೆಸ್ಕೊಳ್ಳಲಿಲ್ಲ. ನಿನ್ನ ಹೊಟ್ಟೆ ತಾಗ್ತು ಕಣೋ ಅಂತ ಕೂಗಿದ್ಲು. ಎಷ್ಟೋ ದಿನದಿಂದ ಆ ಧ್ವನಿ ನಾನು ಕೇಳಿರಲಿಲ್ಲ.

ಅದೊಂದೇ ಸುಖ. ಉಳಿದದ್ದೆಲ್ಲ ಯಾತನೆ. ತೇಪೆ ಸಂದೀಲಿ ನೀರು ಬರ್ತಿತ್ತು, ಗುರುಮಲ್ಲಪ್ಪ ಒಂದು ಕೈಲಿ ಡಬ್ಬಿ ಹಿಡಿದು ಮೊಗೀತಿದ್ದ. ಇನ್ನೊಂದು ಡ್ರಮ್ಮು ಅವಳಿಗೆ ಸಿಗಲೇ ಇಲ್ಲ, ಅವನು ಕೂಗಿದ ಕಡೆಗೆಲ್ಲ ಹೋಗಿ ಹೋಗಿ, ಒಂದು ಸಲ ದಾಟಿಹೋಗಿ, ವಾಪಸ್ ಬಂದು ಸುತ್ತಿದ್ಲು. ಮಳೆ ಹನಿ ಶುರುವಾಯ್ತು. ಮೋಟಾರ್ ದೋಣಿ ಹತ್ರ ಬಂದು, ಸಾಕು ಮೇಡಂ, ಹಗ್ಗ ಕೊಡ್ತೀವಿ ಅಂತು. ಅವಳು ತಿರುಗಿನೂ ನೋಡ್ಲಿಲ್ಲ.

ಮುಗಿಯೋ ಗೆರೆ ಹತ್ರ ಬರೋ ಹೊತ್ತಿಗೆ ದಡದಲ್ಲಿ ಬೇರೆ ದೋಣಿಗಳೆಲ್ಲ ಹಾಯಿ ಇಳಿಸಿ ಮಲಗಿದ್ವು. ಜನ ಮನೆಗೆ ಹೋಗಿರಲಿಲ್ಲ. ಮಳೇಲಿ ಸಾಲಾಗಿ ನಿಂತಿದ್ರು, ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಅವಳಿಗೆ ಅದು ಬೇಕಿಲ್ಲ ಅಂತ ಅಷ್ಟೊತ್ತಿಗೆ ಅವರೂ ಕಲಿತಿದ್ರು. ಗೆರೆ ದಾಟಿದ ಪ್ರತಿ ದೋಣಿಗೂ ಉಡುಪ ಮೇಷ್ಟ್ರು ಒಂದು ಸೀಟಿ ಊದೋದು ವಾಡಿಕೆ. ನಮಗೂ ಊದಿದ್ರು. ಬೇರೆಯೋರಿಗೆ ಎಷ್ಟು ಉದ್ದವೋ ಅಷ್ಟೇ ಉದ್ದ, ಒಂದಿಷ್ಟೂ ಹೆಚ್ಚಿಲ್ಲ.

"ಎಲ್ರೂ ಮುಗಿಸಿದ್ರಾ ರೀ?"

"ಎಲ್ರೂ."

"ಯಾರಾದ್ರೂ ಬೇಕಂತ ನಿಧಾನ ಮಾಡಿದ್ರಾ?"

"ಇಲ್ಲ ಕಣೆ. ಒಬ್ರೂ ಮಾಡ್ಲಿಲ್ಲ."

"ಹಂಗಾದ್ರೆ ಈ ಕೊನೇ ಸ್ಥಾನ ನಮ್ಮದೇ."

ಆಮೇಲೆ ಅತ್ಲು. ಚುಕ್ಕಾಣಿ ಬಿಡದೇ ಅತ್ಲು. ದಡ ಮುಟ್ಟಿದ್ಮೇಲೆ ಚುಕ್ಕಾಣಿಯ ಹಿಡೀನ ತಾನೇ ಬಿಚ್ಚಿ, ಒರೆಸಿ, ಉಡುಪ ಮೇಷ್ಟ್ರ ಕೈಗೆ ಕೊಟ್ಲು. ಯಾರ ಕೈನೂ ಹಿಡೀದೆ ಇಳಿಜಾರು ಹತ್ತಿದ್ಲು. ಎಡವಿದ್ಲು, ಎದ್ಲು, ಮತ್ತೆ ಹತ್ತಿದ್ಲು. ಯಾರೂ ಹೋಗಿ ಹಿಡೀಲಿಲ್ಲ. ಫೆಲಿಕ್ಸು ಮುಖ ಆ ಕಡೆ ತಿರುಗಿಸ್ಕೊಂಡಿದ್ದ.

ಅವಳು ಮತ್ತೆ ಬರ್ಲಿಲ್ಲ.

ನಾನೂ ಅಷ್ಟಕ್ಕೇ ಮುಗಿದೆ. ನನ್ನ ಮರ ನೀರು ಕುಡಿದು ಕುಡಿದು ಮೆತ್ತಗಾಗಿತ್ತು. ಓಟಕ್ಕೆ ಲಾಯಕ್ಕಿಲ್ಲ ಅಂತ ಶೆಡ್ಡಿನ ಹಿಂದೆ ಎರಡು ಟೈರಿನ ಮೇಲೆ ಬೋರಲು ಹಾಕಿದ್ರು. ಹೊಸಾ ಫೈಬರ್ ದೋಣಿಗಳು ಬಂದ್ವು, ಬಿಳೀ ಹಲ್ಲಿನ ಹಾಗೆ. ನನ್ನ ಹೊಟ್ಟೆ ಅಡಿ ಒಂದು ನಾಯಿ ಮರಿ ಹಾಕುತ್ತೆ. ಆಷಾಢದಲ್ಲಿ ಗಾಳಿ ಎದ್ದಾಗ ಒಳಗೆ ಏನೋ ಎಳೆದ ಹಾಗಾಗುತ್ತೆ, ಟೈರು ಬಿಡಲ್ಲ. ಸಾಯೋದು ಕಷ್ಟ ಅಲ್ಲ ಕಣ್ರಪ್ಪ. ಗಾಳಿ ಬಂದಾಗ ಬೋರಲು ಬಿದ್ದಿರೋದು ಕಷ್ಟ.

ಹೋದ ಸಲ ಗುರುಮಲ್ಲಪ್ಪ ಒಬ್ಬನೇ ಬಂದಿದ್ದ. ಫೆಲಿಕ್ಸೂ ಅವನೂ ನನ್ನ ಬೆನ್ನ ಮೇಲೆ ಕೂತು ಬನ್ನು ತಿಂದ್ರು. ಅವಳಿಗೆ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಇಲ್ವಂತೆ. ಕೆಲವು ದಿನ ಹಾಸಿಗೆಯಿಂದ ಏಳಲ್ವಂತೆ, ಗೋಡೆಗೆ ಮುಖ ಹಾಕಿ ಮಲಗಿಬಿಡ್ತಾಳಂತೆ. ಎದ್ದ ದಿನ ಬಿಳೀ ಕೋಲು ಹಿಡ್ಕೊಂಡು ಮಾರ್ಕೆಟ್ಟಿಗೆ ಅವಳೇ ಹೋಗ್ತಾಳಂತೆ. ಜನ ಕೋಲು ನೋಡಿ ಸದ್ದಿಲ್ಲದೆ ಪಕ್ಕಕ್ಕೆ ಸರಿದ್ರೆ ನಿಂತು ಬೈತಾಳಂತೆ, ಸರಿಯೋದಾದ್ರೆ ಬಾಯಿಬಿಟ್ಟು ಹೇಳಿ ಸರೀರಿ, ಇಲ್ಲಾ ನಿಮ್ಮ ಪಾಡಿಗೆ ನೆಟ್ಟಗೆ ಹೋಗಿ, ಅಂತ. ನಿಂಬೆಹಣ್ಣು ಮಾರೋ ಹೆಂಗಸೊಬ್ಬಳು ಈಗ ಇವಳನ್ನ ಕಂಡಕೂಡ್ಲೆ 'ಅಕ್ಕಾ, ಬುಟ್ಟಿ ಇದೆ, ಬಲಕ್ಕೆ ಹೋಗು' ಅಂತ ಅಷ್ಟು ದೂರದಿಂದ್ಲೇ ಕೂಗ್ತಾಳಂತೆ. ಅವಳ ಹತ್ರ ಮಾತ್ರ ಶಾಂಭವಿ ನಿಂಬೆಹಣ್ಣು ತಗೊಳ್ಳೋದಂತೆ.

ಇಷ್ಟೇ ನನ್ನ ಕತೆ. ಕೇಳಿದ್ರಲ್ಲ, ಇನ್ನು ಒಂದು ಕೆಲಸ ಮಾಡಿ. ಇದನ್ನ ನಿಮ್ಮಲ್ಲೇ ಇಟ್ಕೋಬೇಡಿ, ಯಾರಿಗಾದ್ರೂ ದಾಟಿಸಿ. ಎಲ್ರಿಗೂ ಬೇಡ. ನಿಮ್ಮ ಮನೇಲೋ ಬೀದೀಲೋ ಒಬ್ಬರಿಗೆ ಗೊತ್ತಾಗದ ಹಾಗೆ, ಒಳ್ಳೇ ಮನಸ್ಸಿಂದ, ಸದ್ದಿಲ್ಲದೆ ದಾರಿ ಬಿಡ್ತಿರೋರು ಯಾರಾದ್ರೂ ಇದ್ದೇ ಇರ್ತಾರೆ. ಮೊದಲು ಅವರಿಗೆ ಹೇಳಿ.